ನಂಜಮ್ಮನ ಖಾಲಿ ಚೀಟಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದಂಡಿಗನಹಳ್ಳಿ ನಂಜಮ್ಮನ ವಿಷಯದಲ್ಲಿ ತಪ್ಪಿತಸ್ಥ ನಾನೇ.

ಚನ್ನರಾಯಪಟ್ಟಣದಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಬೋರ್ಡಿನ ಮೇಲೆ ಪಂಚಾಕ್ಷರಯ್ಯ ಅಂಡ್ ಸನ್ಸ್ ಎಂದಿದ್ದರೂ ಊರಿಗೆ ನಾನು 'ಭಾಷಣದಯ್ಯ'. ಇಪ್ಪತ್ತೆಂಟು ವರ್ಷ 'ವಿಚಾರ ಸಂಜೆ' ನಡೆಸಿದೆ ನೋಡಿ, ಅದಕ್ಕೆ. ತಿಂಗಳ ಎರಡನೇ ಶನಿವಾರ ನಾಲ್ಕು ಗಂಟೆಗೆ ಅಂಗಡಿ ಬಾಗಿಲೆಳೆದು ಸಭೆಯ ಹಾಲ್‌ಗೆ ಹೊರಟರೆ ಆಯಿತು. ಮೈಸೂರಿನಿಂದಲೋ ಧಾರವಾಡದಿಂದಲೋ ಒಬ್ಬರು ಬಂದು ಮೀಸಲಾತಿ, ನೀರು, ಭೂಮಿ, ಚುನಾವಣೆ ಅಂತ ಮಾತಾಡುತ್ತಿದ್ದರು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ನನ್ನಾಕೆ ಕಮಲಾಕ್ಷಮ್ಮ ಎಲೆಗೆ ಮೂರನೇ ಒಬ್ಬಟ್ಟು ಹಾಕಿ, "ಇಷ್ಟು ತಿಂದ್ಮೇಲೂ ಮಾತಾಡಿದ್ರೆ ಅವರು ನಿಜವಾದ ವಿದ್ವಾಂಸರು" ಅನ್ನುತ್ತಿದ್ದಳು.

ಎಂಥ ದಿನಗಳು ಅವು! ಹೊಳೆನರಸೀಪುರ, ಅರಕಲಗೂಡಿನಿಂದ ಮೇಷ್ಟ್ರುಗಳು ಬರುತ್ತಿದ್ದರು. ಹಾಸನದ ವಕೀಲರು ಜಗಳಕ್ಕೆ ಸಿದ್ಧರಾಗಿಯೇ ಬರುತ್ತಿದ್ದರು. ಹಾಲ್‌ನಲ್ಲಿ ಮುಗಿಯದ ವಾದ ಟೀ ಅಂಗಡಿಗೆ ಹೋಗಿ, ಅಲ್ಲಿಂದ ಬಸ್ ಹತ್ತಿ ಶಾಂತಿಗ್ರಾಮದವರೆಗೂ ನಡೆಯುತ್ತಿತ್ತಂತೆ.

ನಂಜಮ್ಮ ಬಂದದ್ದು ಭಾಷಣಕ್ಕಲ್ಲ. ಸೀರೆಗೆ ಬಂದವಳು ಅಂಗಡಿ ಮುಚ್ಚಿದ್ದನ್ನು ಕಂಡು, ಈವಯ್ಯ ಎಲ್ಲಿ ಹಾಳಾಗಿ ಹೋದ ಎಂದು ಹುಡುಕಿಕೊಂಡು ಹಾಲ್‌ಗೆ ಬಂದಳು. ಒಳಗೆ ಯಾರೋ ನಾಲೆ ನೀರಿನ ಹಂಚಿಕೆ ಬಗ್ಗೆ ಹೇಳುತ್ತಿದ್ದರು. ಸೀರೆ ಮರೆತು ಕೂತಳು. ಆಮೇಲೆ ಹದಿನಾಲ್ಕು ವರ್ಷ ಒಂದು ಶನಿವಾರವೂ ತಪ್ಪಿಸಲಿಲ್ಲ. ಎರಡು ಹಸುವಿನ ಹಾಲು ಹಾಕುವವಳು. ಮಾರನೇ ಬೆಳಿಗ್ಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ಇಡೀ ಭಾಷಣ ಒಪ್ಪಿಸುತ್ತಿದ್ದಳಂತೆ. "ನಮ್ಮಲ್ಲಿ ರೈತ ಹೆಣ್ಣುಮಕ್ಕಳೂ ಬರ್ತಾರೆ ಸಾರ್" ಎಂದು ಬಂದವರಿಗೆಲ್ಲ ಅವಳನ್ನು ತೋರಿಸಿ ಜಂಬ ಪಟ್ಟವನು ನಾನು. ಆದರೆ ನಿನಗೆ ಓದು ಬರಹ ಬರುತ್ತದೇನಮ್ಮ ಎಂದು ಒಂದು ದಿನವೂ ಕೇಳಲಿಲ್ಲ.

ಪ್ರಶ್ನೆಗೆ ನಮ್ಮಲ್ಲೊಂದು ಕ್ರಮವಿತ್ತು. ಬಾಗಿಲಲ್ಲಿ ಎಲ್ಲರಿಗೂ ಒಂದು ಚೀಟಿ. ಹೆಸರು ಬರೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ನಾನು ಒಂದೊಂದೇ ತೆಗೆದು ಹೆಸರು ಕೂಗಿದರೆ ಅವರು ಎದ್ದು ಕೇಳಬೇಕು. ವಕೀಲರ ಬಾಯಿ ಕಟ್ಟಲು ನಾನೇ ಮಾಡಿದ ಉಪಾಯ. ಸುಮಾರು ನಾಲ್ಕೂವರೆ ವರ್ಷದಿಂದ ಡಬ್ಬದಲ್ಲಿ ಒಂದು ಖಾಲಿ ಚೀಟಿ ಸಿಗತೊಡಗಿತು. ನಾಲ್ಕು ಮಡಿಕೆ ಮಾಡಿರುತ್ತಿತ್ತು, ಒಳಗೆ ಒಂದಕ್ಷರವಿಲ್ಲ. ಯಾವನೋ ತರಲೆ ಎಂದು ಹರಿದು ಎಸೆಯುತ್ತಿದ್ದೆ.

ಈಚೆಗೆ ಜನ ಕಡಿಮೆಯಾದರು. ಬೇಕಾದ ಭಾಷಣ ಫೋನಿನಲ್ಲೇ ಸಿಗುವಾಗ ನನ್ನ ಮುರುಕು ಕುರ್ಚಿಗೆ ಯಾರು ಬರುತ್ತಾರೆ? ಕಳೆದ ಕಾರ್ತೀಕಕ್ಕೆ ಕೊನೆಯ ಸಭೆ ಇಟ್ಟೆ. ಮೈಸೂರಿನ ಮೇಡಂ ಒಬ್ಬರು ಪಂಚಾಯಿತಿಯಲ್ಲಿ ಮಹಿಳೆಯರ ಬಗ್ಗೆ ಮಾತಾಡಿದರು. ಇದ್ದವರು ಹತ್ತೊಂಬತ್ತು ಜನ. ಡಬ್ಬದಲ್ಲಿ ನಾಲ್ಕೇ ಚೀಟಿ, ಅದರಲ್ಲೊಂದು ಖಾಲಿ. ಮೊದಲೇ ಮನಸ್ಸು ಕೆಟ್ಟಿತ್ತು, ಕೋಪ ನೆತ್ತಿಗೇರಿತು.

"ಯಾವನಯ್ಯ ಅದು? ಕೊನೇ ದಿನಾನಾದ್ರೂ ಮಾನ ಮರ್ಯಾದೆ ಬೇಡ್ವೇ?" ಎಂದು ಮೈಕಿನಲ್ಲೇ ಕೂಗಿದೆ.

ಹಿಂದಿನ ಸಾಲಿನಿಂದ ನಂಜಮ್ಮ ಎದ್ದಳು. "ನಾನು ಕಣ್ ಸಾ. ಬರ್ಯಕ್ಕೆ ಬರಕ್ಕಿಲ್ಲ. ಆಸ್ಪತ್ರೇಲಿ ಚೀಟಿ ಕೊಟ್ಟು ಕೂತ್ರೆ ಕರೀತಾರಲ್ಲ, ಅಂಗೆ ಕರೀತೀರಿ ಅಂದ್ಕಂಡಿದ್ದೆ. ದೊಡ್ಡೋರ್ದೆಲ್ಲ ಮುಗೀಲಿ ಅಂತ ಕಾಯ್ತಾ ಇವ್ನಿ."

ಅಯ್ಯೋ ಶಿವನೇ! ನಾಚಿಕೆಯಿಂದ ಸತ್ತಂತಾಯಿತು. ಮೇಡಂ ಅವರೇ, "ಕೇಳಿಯಮ್ಮಾ" ಎಂದರು.

"ನನ್ನ ಸೊಸೆ ನೇತ್ರಾ ಪಂಚಾಯ್ತಿ ಮೆಂಬರು ಕಣವ್ವ. ಸೈನು ಅವ್ಳ್ದು. ಮೀಟಿಂಗ್‌ಗೆ ಓಗಿ ಕುರ್ಚಿ ಮ್ಯಾಲೆ ಕೂರೋನು ನನ್ನ ಮಗ ದೇವರಾಜ. ನಂಗೆ ಸರಿ ಕಾಣಕ್ಕಿಲ್ಲ. ಎತ್ತ ಮಾತಾಡ್ಲಿ? ಮಗನ್ನ ಬೈದ್ರೆ ಮನೆ ಒಡೀತದೆ, ಸುಮ್ಕಿದ್ರೆ ಅವ್ಳಿಗೆ ಮೋಸ."

ಮೇಡಂ ಕಾನೂನು ಹೇಳಲು ಶುರುಮಾಡಿದರು. "ಕಾನೂನು ಗೊತ್ತು ಕಣವ್ವ, ಇಲ್ಲಿ ಬಂದೋರೆಲ್ಲ ಯೋಳವ್ರೆ" ಎಂದಳು ನಂಜಮ್ಮ. ಹಾಲ್ ಘೊಳ್ಳೆಂದಿತು. ಮೇಡಂ ಕೂಡ ನಕ್ಕರು. ಆಮೇಲೆ ಮೆಲ್ಲಗೆ, "ಹೋಗ್ಲಿ, ನೇತ್ರಾ ಏನಂತಾರೆ? ಅವರನ್ನೇ ಕೇಳಿದ್ರಾ?" ಎಂದರು.

"ಇಲ್ಲ ಕಣವ್ವ," ಎಂದಳು ನಂಜಮ್ಮ. "ಕೇಳೇ ಇಲ್ಲ." ಸೆರಗು ಸರಿಮಾಡಿಕೊಂಡು ಕೂತಳು.

ನನಗೆ ನಿದ್ದೆ ಹತ್ತದೆ ಎರಡು ವಾರ ಒದ್ದಾಡಿ, ಕ್ಷಮೆ ಕೇಳೋಣವೆಂದು ಫೋನ್ ಮಾಡಿದೆ. ಎತ್ತಿದ್ದು ದೇವರಾಜ.

"ಅವ್ವ, ನೇತ್ರಾ ಇಬ್ರೂವೆ ಮೀಟಿಂಗ್‌ಗೆ ಓಗವ್ರೆ ಸಾ."

"ನೀನು ಹೋಗಲಿಲ್ವೇನಪ್ಪಾ?"

"ಅವ್ವ ಕೇಳಿದ್ದೇ ತಡ, ನಾನೇ ಓಗ್ತೀನಿ ಅಂದ್ಬುಟ್ಲು ಸಾ ನೇತ್ರಾ. ಇಷ್ಟು ದಿನ ಯಾರು ಕೇಳಿದ್ರು ನನ್ನ ಅಂತಾಳೆ. ಓಗ್ಲಿ ಬುಡಿ, ಇನ್ನ ಎರಡೇ ಮೀಟಿಂಗು. ಅವಧಿ ಮುಗೀತಲ್ಲ."

ಫೋನಿಟ್ಟು ಲೆಕ್ಕ ಹಾಕಿದೆ. ಐದು ವರ್ಷದ ಅವಧಿ. ಮೊದಲ ಚೀಟಿಯನ್ನು ನಾನು ಹರಿದು ಎಸೆದಾಗ ಆ ಹುಡುಗಿ ಗೆದ್ದು ಮೂರೇ ತಿಂಗಳಾಗಿತ್ತು.