ನಾನು ಬತ್ತಿಸಿದ ಒರತೆ

ನೀರಾವರಿ ಇಲಾಖೆಯ ಇಂಜಿನಿಯರ್ ಆಗಿ, ಹೊಸನಗರದ ಕಡೆ ಒಂದು ಹಳೇ ಮಣ್ಣಿನ ಡ್ಯಾಂ ಗಟ್ಟಿಯಿದೆಯಾ ಅಂತ ನೋಡೋಕೆ ಹೋಗಿದ್ದೆ. ಏರಿಯ ಬುಡದಲ್ಲೇ ಗದ್ದೆಯಿದ್ದ ಶಾರದಮ್ಮ ಸಂಭ್ರಮದಿಂದ ಕರೆದುಕೊಂಡು ಹೋದರು. ಅಲ್ಲಿ ನೆಲದಿಂದ ನೀರು ಬುಳುಬುಳು ಉಕ್ಕುತ್ತಿತ್ತು. ಆ ನೀರು ಹರಿದು ಬೀಳಲು ಸೀಳಿದ ಅಡಿಕೆ ಮರದ ದಬ್ಬೆ ಜೋಡಿಸಿ, ಪಕ್ಕದಲ್ಲಿ ದಾಸವಾಳ ಇಟ್ಟಿದ್ದರು.

“ಹೊಸಾ ಒರತೆ ಸಾರ್! ವರದಾ ಹೊಳೆ ಹುಟ್ಟೋ ವರದಮೂಲದಲ್ಲಿ ಎದ್ದ ಹಾಗೆ ನಮ್ಮಲ್ಲೂ ಎದ್ದಿದೆ. ಕುಡೀರಿ.”

ಕೊಟ್ಟ ಲೋಟದ ತಳದಲ್ಲಿ ಕೆಂಪು ಮಣ್ಣು ಕೂತಿತು. ಮಳೆ ಬಿಟ್ಟು ಎಷ್ಟೋ ದಿನವಾಗಿತ್ತು, ಹಾಗಾಗಿ ಅದು ಮಳೆನೀರಿನ ಕೆಸರಲ್ಲ. ಆ ಮಣ್ಣು ಏರಿಯ ಹೊಟ್ಟೆಯಿಂದಲೇ ಬರುತ್ತಿತ್ತು, ಕೆಳಗೆ ಇಡೀ ಊರಿತ್ತು.

“ಅಮ್ಮಾ, ಇದು ಒರತೆ ಅಲ್ಲ. ನೀರು ಡ್ಯಾಮನ್ನ ಒಳಗಿಂದ ಕೊರೀತಿದೆ.”

“ನೀವು ದೇವ್ರನ್ನ ನಂಬಲ್ವಾ?”

“ದೇವ್ರನ್ನ ನಂಬ್ತೀನಿ. ಈ ಏರೀನ ನಂಬಲ್ಲ.”

ಅವತ್ತೇ ತೂಬು ತೆಗೆಸಿ ನೀರು ಇಳಿಸಿದೆವು. ಬೇಸಿಗೆಯಲ್ಲಿ ಆ ಜಾಗವನ್ನು ಅಗೆದು, ಹೊಸ ಮಣ್ಣು ತುಂಬಿ ಬಿಗಿ ಮಾಡಿದೆವು. ಮುಂದಿನ ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ ಡ್ಯಾಂ ತುಂಬಿ ತುಳುಕುತ್ತಿತ್ತು, ಏರಿಯ ಬುಡ ಒಣಗಿತ್ತು. ನನಗೆ ಅಲ್ಲೇ ಕುಣಿಯುವಷ್ಟು ಖುಷಿ.

ಶಾರದಮ್ಮ ಮಾತ್ರ ಒಣಗಿದ ದಬ್ಬೆ ಎತ್ತಿ ತೋರಿಸಿ, ಸುತ್ತಲಿನ ಗದ್ದೆಯವರಿಗೆಲ್ಲ ಕೇಳುವ ಹಾಗೆ ಕೂಗಿದರು: “ನೋಡ್ರೋ, ನಮ್ಮ ಒರತೆ ಬತ್ತಿಸಿದ ಪುಣ್ಯಾತ್ಮ ಬಂದ್ರು!”

ನನ್ನ ಕೆಲಸಕ್ಕೆ ಇಷ್ಟು ಒಳ್ಳೇ ಸರ್ಟಿಫಿಕೇಟನ್ನು ಇಲಾಖೆಯೂ ಕೊಟ್ಟಿಲ್ಲ.