ರೊಟ್ಟಿಯ ಮೇಲೆ ಬಂದ ಅಪವಾದ

ನಮ್ಮವ್ವನ ಬಲಗೈ ಮಣಿಕಟ್ಟು ಬಾತುಕೊಂಡದ್ದು ಒಂದು ಬೆಳಿಗ್ಗೆ, ಒಲೆ ಹೊತ್ತಿಸಿ ಜೋಳದ ಹಿಟ್ಟಿಗೆ ಕೈ ಹಾಕುವ ಹೊತ್ತಿಗೆ. ಹಿಂದಿನ ದಿನ ಏನೂ ಇರಲಿಲ್ಲ. ಈಗ ನೋಡಿದರೆ ಕೆಂಪಗೆ, ಬಿಸಿಯಾಗಿ, ಸೀರೆಯ ಸೆರಗು ತಾಗಿದರೂ ಹಲ್ಲು ಕಚ್ಚುವಂತಾಗಿತ್ತು.

ಎಪ್ಪತ್ತರ ದಶಕದ ಮಾತು. ಘಾಟ್ಕೋಪರದ ಚಾಳಿನಲ್ಲಿ ನಮಗೆ ಎರಡು ಖೋಲಿಗಳಿದ್ದವು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಅವ್ವನ ಖಾನಾವಳಿ. ಬಿಲ್ಡಿಂಗ್ ಕೆಲಸಕ್ಕೆಂದು ವಿಜಾಪುರ, ಬಾಗಲಕೋಟೆ ಕಡೆಯಿಂದ ಬಂದ ಗಂಡಸರು ಅಲ್ಲಿ ಉಣ್ಣುತ್ತಿದ್ದರು. ಅವ್ವನಿಗೆ ಅರವತ್ತು ಸಮೀಪಿಸಿತ್ತು. ಅಪ್ಪ ಮಿಲ್ಲಿನ ಕೆಲಸದಿಂದ ನಿವೃತ್ತರಾಗಿದ್ದರು. ಕೊನೆಯ ಮಗಳಾದ ನಾನು ಅಂಧೇರಿಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಖಾನಾವಳಿಯಲ್ಲಿ ಅವ್ವನ ಮಾತೇ ಮಾತು. ಅಪ್ಪ ಅಲ್ಲಿ ನೀರು ತುಂಬುವುದು, ಹಿಟ್ಟು ಬೀಸಿಸಿಕೊಂಡು ಬರುವುದು ಇಷ್ಟಕ್ಕೇ ಸೈ.

ಕೈ ನೋಡಿದವರೆಲ್ಲ ಒಂದೇ ತೀರ್ಪು ಕೊಟ್ಟರು.

"ರೊಟ್ಟಿ ಬಡದು ಬಡದು ಕೈ ಹೋತು ನೋಡ್ರಿ" ಎಂದಳು ಪಕ್ಕದ ಖೋಲಿಯ ಕಾಕು. ಉಣ್ಣಲು ಬಂದವರೂ ತಲೆ ತಗ್ಗಿಸಿ ಅದನ್ನೇ ಅಂದರು, ತಾವೇ ತಿಂದು ಅವ್ವನ ಕೈ ಸವೆಸಿದ ಹಾಗೆ. ಚಾಳಿನ ಡಾಕ್ಟರು ಮಾತ್ರ ಇದು ಗೌಟ್ ಎಂಬ ಕೀಲುಬಾವು ಎಂದು ಹೇಳಿ ತೊಗರಿಬೇಳೆ ಬಿಡಿಸಿದರು. ಅಪ್ಪ ಎರಡನ್ನೂ ನಂಬಿದರು. ಬೇಳೆಯನ್ನೂ ಬಿಡಿಸಿದರು, ಖಾನಾವಳಿಯನ್ನೂ ಮುಚ್ಚಿಸಿದರು.

"ಹೆಂಡ್ತೀನ ದುಡಿಸಿ ಕೈ ಮುರದಾ ಅಂತ ಮಂದಿ ನನಗ ಉಗೀತಾರ. ಸಾಕಿನ್ನ" ಎಂದರು.

ಪ್ರೀತಿಯಿಂದಲೇ ಅಂದದ್ದು, ಅದು ನನಗೆ ಗೊತ್ತು. ಆದರೂ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ವಾರದಲ್ಲಿ ಬಾವು ತಾನಾಗಿಯೇ ಇಳಿದು ಕೈ ಮೊದಲಿನಂತಾಯಿತು. ಖಾನಾವಳಿಯ ಬಾಗಿಲು ಮಾತ್ರ ತೆರೆಯಲಿಲ್ಲ. ಗಂಡಸರು ಸ್ಟೇಷನ್ ಹತ್ತಿರದ ಇನ್ನೊಂದು ಕಡೆ ಊಟಕ್ಕೆ ಹತ್ತಿದರು. ಅವ್ವ ದಿನವಿಡೀ ಗ್ಯಾಲರಿಯಲ್ಲಿ ಕೂತು, ಹೋಗಿಬರುವವರು "ಅರಾಮ ಅದೀರೇನ್ರಿ" ಎಂದರೆ ಬರೀ ಗೋಣು ಹಾಕುತ್ತಿದ್ದಳು. ಎರಡು ರೊಟ್ಟಿ ನಮಗಾದರೂ ಬಡಿಯುತ್ತೇನೆಂದರೆ ಅಪ್ಪ ಹಿಟ್ಟಿನ ಡಬ್ಬವನ್ನೇ ಅಟ್ಟದ ಮೇಲಿಟ್ಟರು. ನಾನು ಮಾಡಿದ ಮೆತ್ತನೆಯ ಅನ್ನವನ್ನು ಮೂವರೂ ಮುಖ ಗಂಟಿಕ್ಕಿಕೊಂಡು ಉಂಡೆವು.

ಹೀಗೆ ಕೆಲವು ತಿಂಗಳು ಕಳೆದವು. ಅವ್ವ ಹಿಟ್ಟು ಮುಟ್ಟಿರಲಿಲ್ಲ, ಬೇಳೆ ತಿಂದಿರಲಿಲ್ಲ. ಒಂದು ದಿನ ಕೂತಲ್ಲೇ ಅವಳ ಎಡ ಮೊಣಕಾಲು ಉಬ್ಬಿತು. ಜೊತೆಗೆ ಜ್ವರ. ಎದ್ದು ನಿಲ್ಲಲು ಆಗಲಿಲ್ಲ.

ಅಪ್ಪ ಆಗಲೂ ಹಟ ಬಿಡಲಿಲ್ಲ. "ಇಷ್ಟ ವರ್ಷ ಒಲಿ ಮುಂದ ಕುಂತದ್ದು ಈಗ ಹೊರಗ ಬರಾಕತ್ತೈತಿ."

ಟ್ಯಾಕ್ಸಿ ಮಾಡಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರು ಮಾತು ಕಡಿಮೆಯ ಮನುಷ್ಯ. ಸೂಜಿ ಹಾಕಿ ಮೊಣಕಾಲಿನ ನೀರು ತೆಗೆದರು. ಅವ್ವ ನನ್ನ ತೋಳಿಗೆ ಉಗುರು ನೆಟ್ಟಳು. ನೀರು ಹೋದೊಡನೆ ನೋವು ಅರ್ಧ ಇಳಿಯಿತು. ಗುಳಿಗೆ ನುಂಗಿಕೊಂಡು ನಾಲ್ಕು ದಿನ ಬಿಟ್ಟು ಮತ್ತೆ ಹೋದಾಗ ಅವ್ವ ನನ್ನ ಭುಜ ಹಿಡಿದು ನಡೆಯುವಂತಾಗಿದ್ದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಎರಡು ಎಲುಬುಗಳ ನಡುವೆ ಖಾಲಿ ಕಾಣಬೇಕಾದ ಜಾಗದಲ್ಲಿ ತೆಳ್ಳಗಿನ ಬಿಳಿ ಗೆರೆ ಇತ್ತು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಕೀಲಿನ ಮೆತ್ತನೆಯ ಭಾಗದಲ್ಲಿ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಎಂಬ ಹರಳು ಕೂತಿದೆ. ತೆಗೆದ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಅದೇ ಕಂಡಿದೆ. ನೋಡಲು ಗೌಟ್ ಇದ್ದಂತೆ, ಆದರೆ ಗೌಟ್‌ನ ಹರಳೇ ಬೇರೆ. ವಯಸ್ಸಾದವರಲ್ಲಿ ಬರುತ್ತದೆ, ಮಣಿಕಟ್ಟಿಗೆ ಬಂದದ್ದೂ ಬಹುಶಃ ಇದೇ. ಬೇಳೆ ಬಿಡಬೇಕಾಗಿಲ್ಲ.

"ರೊಟ್ಟಿ ಬಡೀತಿದ್ಲು ಸಾಹೇಬ್ರ, ಅದಕ್ಕ ಬಂತಲ್ಲ?" ಅಪ್ಪ ತಮ್ಮ ಮುರುಕು ಮರಾಠಿಯಲ್ಲಿ ಕೇಳಿದರು.

ರೊಟ್ಟಿಗೂ ಈ ಹರಳಿಗೂ ಸಂಬಂಧವಿಲ್ಲ ಎಂದರು ಡಾಕ್ಟರು. ಬಡಿದರೂ ಬರಬಹುದು, ಸುಮ್ಮನೆ ಕೂತರೂ ಬರಬಹುದು. ಬಾತಾಗ ವಿಶ್ರಾಂತಿ, ಇಳಿದ ಮೇಲೆ ಕೈಲಾದಷ್ಟು ಕೆಲಸ. ಹರಳನ್ನು ಕರಗಿಸುವ ಔಷಧ ಮಾತ್ರ ಇಲ್ಲ.

ಅಪ್ಪನ ಮುಖ ಇಷ್ಟೇ ಇಷ್ಟಾಯಿತು. ಬಯ್ಯಲು ಏನಾದರೂ ಒಂದು ಬೇಕಿತ್ತು ಅವರಿಗೆ, ಪಾಪ.

ಮರಳುವಾಗ ಲೋಕಲ್‌ನಲ್ಲಿ ಅಪ್ಪ ಗಂಡಸರ ಡಬ್ಬಿ ಹತ್ತಿದರು, ನಾನೂ ಅವ್ವನೂ ಹೆಂಗಸರದು. ಜಾಗ ಸಿಕ್ಕಿ ಕೂತ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ಖರೇನ ಹಂಗಂದ್ರೇನ ಡಾಕ್ಟರು? ನೀ ಏನೂ ಸೇರಿಸಿ ಹೇಳಿಲ್ಲಲ್ಲ?"

"ಇಲ್ಲಬೇ. ಅವರಂದದ್ದಷ್ಟ ಹೇಳೇನಿ."

ಅವಳ ಕಣ್ಣಲ್ಲಿ ದಳದಳ ನೀರು ಬಂತು. ಸೂಜಿ ಹಾಕಿದಾಗಲೂ ಅಳದವಳು. "ನನ್ನ ಕೈ ನಾನ ಹಾಳ ಮಾಡ್ಕೊಂಡೆ ಅಂತ ತಿಳ್ಕೊಂಡಿದ್ದೆ" ಎಂದಳು. ಅಷ್ಟು ತಿಂಗಳು ಗ್ಯಾಲರಿಯಲ್ಲಿ ಕೂತು ಅವಳು ನುಂಗಿಕೊಂಡದ್ದು ಇದನ್ನು. ಅಪ್ಪನ ಮೇಲಿನ ಸಿಟ್ಟೆಂದೇ ನಾನು ಭಾವಿಸಿದ್ದೆ.

ಕಾಲಿನ ಬಾವು ಪೂರ್ತಿ ಇಳಿದ ದಿನ ಅವ್ವ ಅಪ್ಪನಿಗೆ ಜೋಳ ಬೀಸಿಸಿಕೊಂಡು ಬರಲು ಹೇಳಿದಳು. ಅಪ್ಪ ಬಾಗಿಲಲ್ಲೇ ನಿಂತರು.

"ಮತ್ತ ಬಂದ್ರ?"

"ಬಂದ್ರ ಕುಂದರ್ತೀನಿ. ಹೋದ ಮ್ಯಾಲ ಬಡೀತೀನಿ. ನೀವು ಲಗೂನ ಬರ್ರಿ, ಮಂದಿಗೆ ಹೇಳಿ ಕಳಿಸೇನಿ, ಸಂಜಿಗೆ ಉಣ್ಣಾಕ ಬರ್ತಾರ."