ಡ್ರೋನ್ ಏರಿತು, ಭಟ್ಟಿ ಆರಿತು

ಗೆಳೆಯರೇ, ಕೂತಲ್ಲಿ ಕೂರಲಾಗುತ್ತಿಲ್ಲ. ಸವಣೂರಿನ ನಮ್ಮ ಮನೆಯ ಹಿಂದೆಯೇ ಖಾರಾ ಕರಿಯುವ ಭಟ್ಟಿ. ಅದರ ಹೊಗೆಯ ಬಗ್ಗೆ ನಾನು ಕೊಟ್ಟ ಮೂರನೆಯ ದೂರಿಗೆ ಇವತ್ತು ಅಧಿಕಾರಿಯೊಬ್ಬನ ಜೊತೆ ಗಾಳಿ ಅಳೆಯುವ ಡ್ರೋನ್ ಬಂತು.

ಅದು ಮೇಲೇರುವಷ್ಟರಲ್ಲಿ ಅವ್ವ ಹಿತ್ತಲ ಗೋಡೆಯಾಚೆ ಭಟ್ಟಿಯವನಿಗೆ ಕೂಗಿದಳು: "ರಫೀಕಾ, ಇದರ ಗಾಳಿಗೆ ನಿನ್ನ ಎಣ್ಣ್ಯಾಗ ಧೂಳ ಬೀಳತೈತಿ, ಭಟ್ಟಿ ಆರಸೋ!"

ಅವನು ಆರಿಸಿ ಕಡಾಯಿ ಮುಚ್ಚಿದ.

"ನಿಮ್ಮ ಓಣಿ ಗಾಳಿ ಭಾಳ ಚೊಲೋ ಐತ್ರಿ" ಎಂದ ಅಧಿಕಾರಿ, ಡ್ರೋನನ್ನು ಪೆಟ್ಟಿಗೆಗೆ ಸೇರಿಸಿ, "ಬಿಸಿ ಖಾರಾ ಸಿಗತೈತೇನ್ರಿ?" ಎಂದು ಕೇಳಿದ.

ಭಟ್ಟಿ ಮತ್ತೆ ಹೊತ್ತಿತು. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ಅಧಿಕಾರಿಗೆ, "ಸಾಹೇಬ್ರ, ಈಗ ಹಾರಸ್ರಿ!" ಎಂದೆ.

"ಬ್ಯಾಟರಿ ಮುಗದೈತ್ರಿ" ಎಂದು ಕೆಮ್ಮಿದ.

ವರದಿಯ ಪ್ರಕಾರ ನಮ್ಮ ಓಣಿಯ ಗಾಳಿ ಶುದ್ಧ. ಇದನ್ನು ಕಿಟಕಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ.